ಕೆಂಪು ಗೆರೆ ಎಳೆದ ಹೆಸರುಗಳು

ಸಿಂಚನಾ, ಮನೋಜಾ,

ಹೋದ ತಿಂಗಳು ಸಿಂಚನಾ ಮೈಸೂರಿನಿಂದ ಫೋನು ಮಾಡಿ, "ಅಜ್ಜಿ, ನರ್ಸಿಂಗಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮುಟ್ಟು ನಿಲ್ಲೋ ವಯಸ್ಸಲ್ಲಿ ಹಳ್ಳಿ ಹೆಂಗಸರಿಗೆ ಏನೇನಾಗುತ್ತೆ ಅಂತ ಬರೀಬೇಕು. ನೀನು ಅಷ್ಟು ವರ್ಷ ನರ್ಸಮ್ಮ ಆಗಿದ್ದೆಯಲ್ಲ, ಹೇಳು" ಅಂದಳು. ನಾನು "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣವ್ವ, ಉಕ್ಕುತ್ತೆ" ಅಂತ ಫೋನು ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಒಲೆಯೂ ಹತ್ತಿರಲಿಲ್ಲ.

ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮನೋಜಾ, ಇದು ಅಕ್ಕನಿಗೆ ಮಾತ್ರ ಅಂತ ಎದ್ದು ಹೋಗಬೇಡ. ನೀನೂ ಇನ್ನೊಂದು ವರ್ಷಕ್ಕೆ ಔಷಧಿ ಅಂಗಡಿಯಲ್ಲಿ ನಿಂತು ಜನಕ್ಕೆ ಮಾತ್ರೆ ಕೊಡುವವನು. ನಾನು ಮಾಡಿದ ದೊಡ್ಡ ತಪ್ಪು ಮಾತ್ರೆ ಕೊಟ್ಟದ್ದರಲ್ಲೇ ಇದೆ.

ನಾನು ಓದಿದ್ದು ಊರ ಶಾಲೆಯಲ್ಲಿ. ಆಮೇಲೆ ನರ್ಸಮ್ಮನ ಟ್ರೈನಿಂಗಿಗೆ ಸೇರಿದೆ. ಅಲ್ಲಿ ಚಾರ್ಟು ಹಿಡಿದು ಪಾಠ ಮಾಡಬೇಕಿತ್ತು. ನಾನು ಹೆಂಗಸರ ಮುಖ ನೋಡಲಾರದೆ ಚಾರ್ಟನ್ನೇ ನೋಡಿಕೊಂಡು ಮಾತಾಡುತ್ತಿದ್ದೆ. "ಗೋಡೆಗೆ ಬಸಿರು ನಿಲ್ಲಲ್ಲಮ್ಮ, ಈ ಕಡೆ ತಿರುಗು" ಅಂತ ನಮ್ಮ ಟೀಚರು ಗದರಿದ್ದರು. ಕೆಲಸ ಸಿಕ್ಕಿ ಎಷ್ಟೋ ಹೆರಿಗೆ ಮಾಡಿಸಿದ ಮೇಲೂ ಆ ನಾಚಿಕೆ ಪೂರ್ತಿ ಹೋಗಲಿಲ್ಲ. ಹೆರಿಗೆಯಲ್ಲಿ ಮಾತಿಗಿಂತ ಕೈ ಮುಖ್ಯ, ಅದರಿಂದ ಬದುಕಿಕೊಂಡೆ.

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ರಿಜಿಸ್ಟರು. ವರ್ಷಕ್ಕೊಮ್ಮೆ ಬಿಸಿಲುಗಾಲದಲ್ಲಿ ಮನೆಮನೆಗೆ ಹೋಗಿ, ಮಕ್ಕಳಾಗುವ ವಯಸ್ಸಿನ ಪ್ರತಿ ಹೆಂಗಸಿನ ಹೆಸರು ಬರೆಯಬೇಕು. ಎಷ್ಟು ಮಕ್ಕಳು, ಆಪರೇಷನ್ ಆಗಿದೆಯೇ, ಈಗ ಬಸಿರಿಯೇ. ಮುಟ್ಟು ನಿಂತವಳ ಹೆಸರಿನ ಮುಂದೆ "ನಿಂತಿದೆ" ಎಂದು ಬರೆದು, ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆಯಬೇಕು. ಅಲ್ಲಿಗೆ ಅವಳು ನಮ್ಮ ಲೆಕ್ಕದಿಂದ ಹೊರಗೆ. ಮರುವರ್ಷ ಅವಳ ಮನೆಗೆ ಹೋದರೂ ಕೇಳುವುದು ಸೊಸೆಯ ವಿಷಯವನ್ನೇ.

ನನ್ನ ಮೇಲಿನ ಹಿರಿಯ ಮೇಡಂ ಬಹಳ ಕಟ್ಟುನಿಟ್ಟು. "ಖಾಲಿ ಕಾಲಂ ಅಂದ್ರೆ ಹಲ್ಲಿಲ್ಲದ ಬಾಯಿ ಇದ್ದ ಹಾಗೆ ಕಣಮ್ಮ, ನನಗೆ ತೋರಿಸಬೇಡ" ಅನ್ನುತ್ತಿದ್ದರು. ಹಾಗಾಗಿ ಕಾಲಂ ತುಂಬಿಸಲು ನಾನೊಂದು ಸುಲಭದ ದಾರಿ ಕಂಡುಕೊಂಡಿದ್ದೆ. ಹೆಂಗಸನ್ನು ಕೇಳಲು ನಾಚಿಕೆ; ಜಗಲಿಯ ಮೇಲೆ ಕೂತ ಅತ್ತೆಯನ್ನೇ "ಸೊಸೆಗೆ ನಿಂತೋಯ್ತಾ ಅವ್ವ?" ಅಂದರೆ ಮುಗಿಯಿತು. "ಊಂ" ಅನ್ನುವಳು. ಕೆಂಪು ಗೆರೆ. ಮುಂದಿನ ಮನೆ.

ಸಿಂಚನಾ, ನಿನ್ನ ಪುಸ್ತಕದಲ್ಲಿ ಬಿಸಿ ಏರುವುದು, ಬೆವರುವುದು, ನಿದ್ದೆ ಬಾರದಿರುವುದು, ಸಿಡುಕು, ಮೂಳೆ ಸವೆಯುವುದು ಎಂದೆಲ್ಲ ಬರೆದಿರುತ್ತದೆ. ಬರೆದದ್ದು ನಿಜ. ಆದರೆ ಅದು ಒಂದೊಂದು ಮನೆಯಲ್ಲಿ ಒಂದೊಂದು ವೇಷದಲ್ಲಿ ಬರುತ್ತದೆ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಪುಣಜನೂರಿನ ಕಡೆ, ಕಾಡಂಚಿನಲ್ಲಿ. ಅಲ್ಲಿ ಮನೆಯಲ್ಲಿ ಅತ್ತೆಯಿಲ್ಲದ, ಕೂಲಿಗೆ ಹೋಗುವ ಹೆಂಗಸೊಬ್ಬಳನ್ನು ವಿಧಿಯಿಲ್ಲದೆ ಕೇಳಿದ್ದಕ್ಕೆ, "ನಿಂತದ ಬುಡವ್ವ, ಪೀಡೆ ಕಳೀತು. ಬಟ್ಟ ಒಗಿಯೋ ಕೆಲ್ಸ ಒಂದು ತಪ್ತು" ಎಂದು ಕೇಕೆ ಹಾಕಿ ನಕ್ಕಳು. ಮೈಗೆ ಬಿಸಿ ಏರುತ್ತದಾ ಅಂದೆ. ಅವಳಾಗ ಅರಿಶಿನ ಬೇಯಿಸುವ ಕೊಪ್ಪರಿಗೆಯ ಮುಂದೆ ನಿಂತಿದ್ದಳು. "ಇಲ್ ನಿಂತೋಳ್ಗ ಒಳಗಿನ ಉರಿ ಯಾವ್ದು, ಹೊರಗಿನ ಉರಿ ಯಾವ್ದು ಅಂತ ಎಂಗ್ ಗೊತ್ತಾದದು ನರ್ಸಮ್ಮ? ನೀನೇ ಒಂದ್ಗಳಿಗೆ ನಿಂತ್ಕಂಡು ನೋಡು" ಅಂದಳು. ನಿಂತೆ. ಎರಡು ನಿಮಿಷಕ್ಕೆ ಓಡಿ ಬಂದೆ.

ಗುಂಡ್ಲುಪೇಟೆಯಲ್ಲಿ ಒಬ್ಬರು ಟೀಚರು ಇದ್ದರು. ಎದೆ ಹೊಡೆದುಕೊಳ್ಳುತ್ತದೆಂದು ತಮಗೆ ಹೃದಯದ ಕಾಯಿಲೆ ಎಂದೇ ತಿಳಿದಿದ್ದರು. ಮೂರು ಸಲ ಎದೆ ಪರೀಕ್ಷೆ ಮಾಡಿಸಿದರು, ಬೆಟ್ಟಕ್ಕೆ ಹರಕೆ ಹೊತ್ತರು. ಒಂದು ದಿನ ಸೀಮೆಸುಣ್ಣ ಮುರಿಯಿತು ಅಂತ ಮಕ್ಕಳ ಮುಂದೆಯೇ ಅತ್ತರಂತೆ. ಇದು ಮುಟ್ಟು ನಿಲ್ಲುವ ವಯಸ್ಸಿನದು ಎಂದು ನಾನು ಹೇಗೋ ಧೈರ್ಯ ಮಾಡಿ ಹೇಳಿದೆ. "ಇದಕ್ಕೊಂದು ಹೆಸರಿದೆ ಅಂತ ಗೊತ್ತಿದ್ದಿದ್ರೆ ಅರ್ಧ ಅಲ್ಲೇ ವಾಸಿಯಾಗ್ತಿತ್ತಲ್ಲ ಸಿಸ್ಟರ್" ಎಂದರು. ಚಂದಕವಾಡಿ ಕಡೆ ಇನ್ನೊಂದು ಬಗೆ. ಮೂವತ್ತೈದು ವರ್ಷದ ಹೆಂಗಸು ಹೊಟ್ಟೆನೋವೆಂದು ಗರ್ಭಕೋಶವನ್ನೇ ತೆಗೆಸಿಕೊಂಡು ಬಂದಿದ್ದಳು. "ಮಕ್ಳಾದೋ, ಆಪ್ರೇಸನ್ನೂ ಆಯ್ತು, ಇನ್ನದು ಯಾತಕ್ಕ?" ಅಂದಳು. ಹೊತ್ತಿಗೆ ಮೊದಲೇ ಎಲ್ಲ ನಿಂತು, ಎರಡು ವರ್ಷಕ್ಕೆ ಮಂಡಿ ಹಿಡಿದುಕೊಂಡು ಮುದುಕಿಯ ಹಾಗೆ ಏಳುತ್ತಿದ್ದಳು. ಇನ್ನೊಬ್ಬ ಡಾಕ್ಟರನ್ನೂ ಕೇಳು ಎಂದು ಅವಳಿಗೆ ಮೊದಲೇ ಹೇಳಲು ನಾನು ಹೋಗಿರಲಿಲ್ಲ.

ಇವೆಲ್ಲ ಕಳೀತು ಅಂದವರ, ಕಳೆದುಕೊಂಡವರ ಕತೆ. ನಿಂತದ್ದರಿಂದ ಏನೋ ಪಡೆದುಕೊಂಡವರೂ ಇದ್ದಾರೆ ಎಂದು ನನಗೆ ತೋರಿಸಿದವಳು ಚೆನ್ನಾಜಮ್ಮ. ಅವಳ ವಿಷಯ ಹೇಳುವುದಕ್ಕೇ ಇಷ್ಟು ಸುತ್ತಿ ಬಂದೆ.

ಅವಳ ಊರು ಭೀಮನಬೀಡಿನ ಆಚೆ. ಜಮೀನಿದ್ದ ಮನೆ. ಚೆಂಡುಹೂ, ಈರುಳ್ಳಿ, ಅರಿಶಿನ ಬೆಳೆಯುತ್ತಿದ್ದರು. ಮನೆಯ ಯಜಮಾನಿಕೆ ಅವಳ ಅತ್ತೆ ಗೌರಮ್ಮನದು. ಊರಿಗೆಲ್ಲ ಅವರು ದೊಡ್ಡವ್ವ. ಮನೆದೇವರು ಬೆಟ್ಟದ ಮಾದಪ್ಪ. ಪ್ರತಿ ಸೋಮವಾರ ಮಾದಪ್ಪನ ಮೀಸಲಿಗೆ ಬೇರೆ ಪಾತ್ರೆಯಲ್ಲಿ ಅಡುಗೆ, ದೀಪಾವಳಿಗೆ ಬೇರೆ ಬಾಣಲೆಯಲ್ಲಿ ಕಜ್ಜಾಯ. ಆ ಬಾಣಲೆಯನ್ನು ಮುಟ್ಟಾಗುವ ಹೆಂಗಸು ಮುಟ್ಟುವಂತಿರಲಿಲ್ಲ. ಆ ದಿನಗಳಲ್ಲಿ ಮಾತ್ರವಲ್ಲ, ಮುಟ್ಟು ಪೂರ್ತಿ ನಿಲ್ಲುವವರೆಗೂ. ಯಾಕೆಂದರೆ ಹಿಟ್ಟು ಕಲಸಿ ಮೂರು ನಾಲ್ಕು ದಿನ ಇಡಬೇಕು. ನಡುವೆ ಯಾವ ದಿನ ಏನಾದೀತೋ ಎಂಬ ಭಯ. ಚೆನ್ನಾಜಮ್ಮ ಮದುವೆಯಾಗಿ ಬಂದ ಮೇಲೆ ಮೂವತ್ತು ದೀಪಾವಳಿ ಜಗಲಿಯಲ್ಲಿ ಕೂತು, ಅತ್ತೆ ಒಳಗೆ ಕಜ್ಜಾಯ ಕರಿಯುವ ವಾಸನೆ ಕುಡಿದಿದ್ದಳು.

ನಿಂತು ಒಂದು ವರ್ಷ ತುಂಬಿದ ಮೇಲೆ ದೊಡ್ಡವ್ವ ಬಾಣಲೆಯನ್ನೂ ಮೀಸಲಿನ ಪಾತ್ರೆಯನ್ನೂ ಸೊಸೆಯ ಕೈಗೆ ಕೊಟ್ಟರು. ಆ ವರ್ಷದ ಹಬ್ಬದ ಮಾರನೆಯ ದಿನ ನಾನು ಲಸಿಕೆಗೆಂದು ಹೋಗಿದ್ದೆ. ಚೆನ್ನಾಜಮ್ಮ ಮುತ್ತುಗದ ಎಲೆಯಲ್ಲಿ ನಾಲ್ಕು ಕಜ್ಜಾಯ ತಂದು, "ನಂದು ಕಣ ನರ್ಸಮ್ಮ, ನನ್ ಕೈಯಿಂದು" ಎಂದಳು. ಚೊಚ್ಚಲ ಮಗುವನ್ನು ತೋರಿಸುವ ಬಾಣಂತಿಯ ಮುಖದಲ್ಲೂ ನಾನು ಅಷ್ಟು ಹಿಗ್ಗು ಕಂಡಿಲ್ಲ. ಅಂಚು ಗರಿ, ನಡು ಮೆತ್ತಗೆ, ಎಳ್ಳು ಒಂದೂ ಕಪ್ಪಾಗಿರಲಿಲ್ಲ. ಅವಳ ಹೆಸರಿಗೆ ನಾನು ಆ ಬೇಸಿಗೆಯಲ್ಲೇ ಕೆಂಪು ಗೆರೆ ಎಳೆದಿದ್ದೆ, ದೊಡ್ಡವ್ವನನ್ನು ಕೇಳಿ.

ಅವಳು ಇನ್ನೊಂದು ದೀಪಾವಳಿಗೂ ಕರಿದಳು. ಅದರ ಮುಂದಿನ ಮಳೆಗಾಲದಲ್ಲಿ ಒಂದು ದಿನ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದು, "ಆ ಕೆಂಪು ಮಾತ್ರ ಕೊಡು, ನಮ್ ಸೊಸೆಗ ಸುಸ್ತು" ಅಂದಳು. ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆ ಅದು. ಬಸಿರಿಯರಿಗೆ ಕೊಡುವುದು. ಸೊಸೆ ರೂಪಾ ಬಸಿರಿಯಲ್ಲ ಎಂದು ನನಗೆ ಗೊತ್ತು. ಆದರೂ ಒಂದು ಹಿಡಿ ಕೊಟ್ಟೆ. ಚೆನ್ನಾಜಮ್ಮ ಕೇಳಿದರೆ ಇಲ್ಲ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಮರು ತಿಂಗಳೂ ಬಂದಳು, ಕೊಟ್ಟೆ. ಅದರ ಮರು ತಿಂಗಳೂ ಕೊಟ್ಟೆ. ಅವಳ ಮುಖ ಬಿಳಿಚಿಕೊಂಡಿತ್ತು. ಹೂ ಬಿಡಿಸುವ ಕಾಲ, ಬಿಸಿಲಿಗೆ ದಣಿದಿದ್ದಾಳೆ ಅಂದುಕೊಂಡೆ. ಬಿಸಿಲಿಗೆ ಯಾರಾದರೂ ಬಿಳಿಚಿಕೊಳ್ಳುತ್ತಾರೆಯೇ? ನೋಡಿ, ಕಾಣದೆ ಇರಬೇಕು ಅಂದುಕೊಂಡವರಿಗೆ ಕಣ್ಣೂ ಸಹಾಯ ಮಾಡುತ್ತದೆ.

ಮಗುವಿಗೆ ಲಸಿಕೆ ಹಾಕಿಸಲು ರೂಪಾ ಬಂದಾಗ, "ಮಾತ್ರೆ ಒಗ್ಗುತಾ ಅದೇನವ್ವ?" ಅಂದೆ.

"ಯಾವ ಮಾತ್ರೆ ಸಿಸ್ಟರ್?"

ಮೂರು ತಿಂಗಳು ಮಾತ್ರೆ ನುಂಗಿದವಳು ಯಾರು ಎಂದು ಆಗ ಹೊಳೆಯಿತು. ಯಾಕೆ ಎಂದೂ ಹೊಳೆಯಿತು. ಮುಟ್ಟು ನಿಂತು ವರ್ಷ ಕಳೆದವಳಿಗೆ ಮತ್ತೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಬೇಕು ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಅದು ಗರ್ಭಕೋಶದ ಕ್ಯಾನ್ಸರಿನ ಗುರುತಾಗಿರಬಹುದು.

ಆ ದಿನವೇ ಅವರ ಹೊಲಕ್ಕೆ ಹೋದೆ. ಚೆನ್ನಾಜಮ್ಮ ಕೂಲಿಯವರಿಂದ ದೂರದ ಸಾಲಿನಲ್ಲಿ ಒಬ್ಬಳೇ ಚೆಂಡುಹೂ ಬಿಡಿಸುತ್ತಿದ್ದಳು. ನಾನೂ ಪಕ್ಕದ ಸಾಲಿಗೆ ನಿಂತು ಬಿಡಿಸತೊಡಗಿದೆ.

"ರೂಪಾ ಮಾತ್ರೆ ನುಂಗಿಲ್ವಂತೆ" ಅಂದೆ.

"ನಾನ್ ನುಂಗ್ದೆ. ಸರ್ಕಾರದ ಮಾತ್ರಗ ಲೆಕ್ಕ ಕೇಳಕ್ಕ ಬಂದಿದ್ದಿಯಾ?"

ಅರ್ಧ ಸಾಲು ಹೂ ಬಿಡಿಸಿದೆವು. ಅವಳನ್ನು ಕೇಳಲಾಗದೆ ಕೊನೆಗೆ ನನ್ನದನ್ನು ಹೇಳಿದೆ. ಗಿಡವನ್ನು ನೋಡಿಕೊಂಡೇ ಹೇಳಿದೆ. "ಚೆನ್ನಾಜವ್ವ, ನಂಗೂ ನಿಂತೋಗದೆ. ನಮ್ ಯಜಮಾನ್ರು ತೀರ್ಕೊಂಡ ವರ್ಷವೇ ನಿಂತೋಯ್ತು. ಮೈಯೆಲ್ಲ ಬೆವರು, ಕೂತಲ್ಲಿ ಅಳು. ಎಲ್ಲ ಅವರು ಹೋದ ದುಃಖ ಅಂದ್ಕಂಡಿದ್ದೆ. ಅರ್ಧ ದುಃಖ, ಅರ್ಧ ಇದು ಅಂತ ಆಮೇಲೆ ಗೊತ್ತಾಯ್ತು. ಇದುವರ್ಗೂ ಯಾರ್ಗೂ ಹೇಳಿಲ್ಲ. ನಿಂಗೇ ಮೊದ್ಲು."

ಅವಳು ಹೂ ಹಿಡಿದ ಕೈ ಹಾಗೇ ಬಿಟ್ಟು ನನ್ನನ್ನು ದಿಟ್ಟಿಸಿದಳು. "ನರ್ಸಮ್ಮಂಗೂ ನಿಲ್ತದಾ?" ಅಂದಳು. ಆಮೇಲೆ ನಕ್ಕಳು. ನಗುತ್ತಲೇ ಬದುವಿನ ಮೇಲೆ ಕುಕ್ಕರಿಸಿದಳು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

"ಆಷಾಢದಿಂದ ಕಾಣ್ತಾ ಅದ ಕಣ. ಮೊದ್ಲು ಒಂದೊಂದ್ ಹನಿ, ಈಗ ಬಟ್ಟ ಕಟ್ಕಬೇಕು."

"ನಾಳೇನೇ ದೊಡ್ಡಾಸ್ಪತ್ರೆಗೆ ಹೋಗನ."

"ಹಬ್ಬ ಆಗ್ಲಿ."

"ಹಬ್ಬಕ್ಕೆ ಇನ್ನೂ ಒಂದು ತಿಂಗ್ಳದೆ ಚೆನ್ನಾಜವ್ವ."

"ಮೂವತ್ತೊರ್ಸ ಜಗ್ಲಿ ಮ್ಯಾಲ ಕೂತಿವ್ನಿ. ಎರಡೇ ಹಬ್ಬ ಬಾಣ್ಲಿ ಮುಂದ ಕೂತಿದ್ದು. ಈಗ ಇದ್ನ ಏಳ್ಬುಟ್ರ ಬಾಣ್ಲಿ ಕಿತ್ಕತಾರ." ದನಿ ತಗ್ಗಿಸಿದಳು. "ಅದೂ ಅಲ್ದೆ, ಸೋಮವಾರದ ಮೀಸಲ್ನೂ ನಾನೇ ಮಾಡಿವ್ನಿ, ಇದು ಕಾಣೋವಾಗ್ಲೂ. ಮಾದಪ್ಪ ಸುಮ್ಕ ಬುಟ್ಟನಾ? ಅದ್ಕೇ ಇದು ನಿಲ್ತಾ ಇಲ್ವೇನೋ."

ರಕ್ತ ಕಂಡ ಮೇಲಲ್ಲವೇ ನೀನು ಅಡುಗೆ ಮಾಡಿದ್ದು, ಅಡುಗೆ ಮಾಡಿದ್ದಕ್ಕೆ ರಕ್ತ ಬಂದದ್ದಲ್ಲವಲ್ಲ ಎಂದು ವಾದಿಸಿದೆ. ಕ್ಯಾನ್ಸರ್ ಎಂಬ ಮಾತನ್ನೂ ಆಡಿದೆ. ಭಯಪಟ್ಟಳು, ಆದರೆ ಬಾಣಲೆ ಹೋಗುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅತ್ತೆಗೆ ಹೇಳಬಾರದೆಂದು ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಳು.

"ನಾನು ಹೇಳಲ್ಲ. ಆದ್ರೆ ನೀನು ಹೇಳೋ ತನಕ ದಿನಾ ನಿಮ್ಮನೆಗೆ ಬಂದು ಕೂತ್ಕತೀನಿ" ಅಂದೆ.

ಮಾತು ಬಾರದವರಿಗೆ ಕೂರುವುದಾದರೂ ಬರುತ್ತದಲ್ಲ. ಮಾರನೆಯ ದಿನ ಹೋಗಿ ಜಗಲಿಯಲ್ಲಿ ಕೂತೆ. ಮಜ್ಜಿಗೆ ಕೊಟ್ಟರು, ಕುಡಿದೆ. ಅದರ ಮಾರನೆಯ ದಿನವೂ ಕುಡಿದೆ. ಚೆನ್ನಾಜಮ್ಮ ಮಜ್ಜಿಗೆ ಲೋಟವನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ನಾಲ್ಕನೆಯ ದಿನ ಎಲೆಯಡಿಕೆ ಕುಟ್ಟುತ್ತ ಕೂತಿದ್ದ ದೊಡ್ಡವ್ವ ತಡೆಯಲಾರದೆ ಕೇಳಿದರು. "ಏನಮ್ಮಿ, ನಾಕ್ ದಿನದಿಂದ ಬತ್ತೀಯ, ಮಜ್ಜಿಗ ಕುಡೀತೀಯ, ಓಗ್ತೀಯ. ನಿಮ್ಮೂರಲ್ಲಿ ಎಮ್ಮ ಇಲ್ವಾ? ಇಲ್ಲಿ ಯಾರ್ಗ ಸೂಜಿ ಚುಚ್ಚಕ್ಕ ಕಾಯ್ತಾ ಕೂತಿದ್ದೀಯ?"

ನಾನು ಲೋಟವನ್ನು ನೋಡಿಕೊಂಡು ಕೂತೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಚೆನ್ನಾಜಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ನಂಗೇ ಅತ್ತೆ. ನಿಂತಿದ್ದು ತಿರ್ಗ ಬತ್ತಾ ಅದ. ಆಷಾಢದಿಂದ."

ಕುಟ್ಟಾಣಿಯ ಸದ್ದೂ ನಿಂತಿತು. ದೊಡ್ಡವ್ವ ಸೊಸೆಯನ್ನು ಕಾಲಿನಿಂದ ಮುಖದವರೆಗೆ ಒಂದು ಸಲ ನೋಡಿದರು. ನನಗೆ ಎದ್ದು ಓಡಿಹೋಗೋಣ ಅನ್ನಿಸಿತ್ತು.

"ಆಷಾಢದಿಂದ ಬಾಯ್ ಮುಚ್ಕಂಡು ಮೀಸಲು ಬೇಯ್ಸಿದ್ದಿಯಾ?"

"ಊಂ."

"ಬಾಣ್ಲಿಗೋಸ್ಕರವಾ?"

ಚೆನ್ನಾಜಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬಾಣ್ಲಿ ಒಂದೊರ್ಸ ತಣ್ಣಗಿದ್ರ ಮಾದಪ್ಪ ಉಪಾಸ ಬೀಳಾಕಿಲ್ಲ. ನೀ ತಣ್ಣಗಾದ್ರ ನಂಗ ಗಂಜಿ ಕಾಯ್ಸೋರ್ ಯಾರಮ್ಮಿ?" ಎಂದರು ದೊಡ್ಡವ್ವ. ದನಿ ಗಡುಸಾಗಿತ್ತು, ಆದರೆ ಕುಟ್ಟಿದ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತು ಕುಟ್ಟಾಣಿಯನ್ನು ಪಕ್ಕಕ್ಕಿಟ್ಟರು. ನನ್ನ ಕಡೆ ತಿರುಗಿದರು. "ನೀನೇನ್ ಬಾಯಿ ಬುಟ್ಕಂಡು ಕೂತಿದ್ದೀಯ? ನಾಳೆ ಮೊದಲ್ನೇ ಬಸ್ಸು ಎಷ್ಟೊತ್ಗ ಅಂತ ಏಳು."

ಚಾಮರಾಜನಗರದ ಆಸ್ಪತ್ರೆಗೆ ನಾವು ಮೂವರೂ ಹೋದೆವು. ದೊಡ್ಡವ್ವ ಬೇಡವೆಂದರೂ ಬಸ್ಸು ಹತ್ತಿದರು. ಅಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ. "ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ? ಮತ್ತೆ ಕಾಣಿಸ್ಕೊಂಡಿದ್ದು ಯಾವಾಗಿಂದ?" ಎಂದು ಮಳೆ ಬೆಳೆ ವಿಚಾರಿಸಿದಷ್ಟು ಸಲೀಸಾಗಿ ಕೇಳಿದರು. ಮೂವತ್ತು ವರ್ಷದಿಂದ ನನ್ನ ಬಾಯಿಗೆ ನೆಟ್ಟಗೆ ಬಾರದ ಪ್ರಶ್ನೆ, ಎರಡು ಉಸಿರಿನಲ್ಲಿ ಮುಗಿಯಿತು. ಆಮೇಲೆ ಚೀಟಿ ಬರೆಯುತ್ತ, "ಕಬ್ಬಿಣದ ಮಾತ್ರೆ ಕೊಟ್ಟಿದ್ದು ಯಾರು?" ಎಂದರು.

"ನಾನೇ ಮೇಡಂ."

"ಬಿಂದಿಗೆ ಎಲ್ಲಿ ಸೋರ್ತಿದೆ ಅಂತ ನೋಡದೆ ನೀರು ತುಂಬಿಸ್ತಾ ಇದ್ರಾ ಸಿಸ್ಟರ್?"

ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ಬೈದಿದ್ದರೆ ಮರೆತುಬಿಡುತ್ತಿದ್ದೆ. ನನ್ನ ಮಾತ್ರೆಗಳು ಅವಳನ್ನು ಮೂರು ತಿಂಗಳು ಎದ್ದು ಓಡಾಡುವಂತೆ ಮಾಡಿದ್ದವು. ಇಲ್ಲವಾಗಿದ್ದರೆ ಎಂದೋ ಕುಸಿದು ಬಿದ್ದು ಆಸ್ಪತ್ರೆ ಸೇರುತ್ತಿದ್ದಳು. ಮನೋಜಾ, ನಿನಗೆ ಹೇಳಬೇಕಾದ್ದು ಇಷ್ಟೇ: ಮಾತ್ರೆ ಕೇಳಲು ಬಂದವರನ್ನು, ನುಂಗುವವರು ಯಾರು ಎಂದು ಕೇಳು. ಪ್ರೀತಿಯವರಾದರೆ ಎರಡು ಸಲ ಕೇಳು.

ಪರೀಕ್ಷೆಯಲ್ಲಿ ನಾನು ಹೆದರಿದ್ದೇ ಬಂತು. ಆದರೆ ಇನ್ನೂ ಶುರುವಿನಲ್ಲಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಗರ್ಭಕೋಶ ತೆಗೆದರು. ಚೆನ್ನಾಜಮ್ಮ ಆಸ್ಪತ್ರೆಯಲ್ಲಿರುವಾಗಲೇ ದೀಪಾವಳಿ ಬಂತು. ದೊಡ್ಡವ್ವನಿಗೆ ವಯಸ್ಸಾಯಿತು, ಬೇರೆ ಮನೆಯ ಹಿರಿಯ ಹೆಂಗಸನ್ನು ಕರೆಸಿ ಕಜ್ಜಾಯ ಮಾಡಿಸೋಣ ಎಂದು ಗಂಡಸರು ಅಂದರಂತೆ. ದೊಡ್ಡವ್ವ ಬಾಣಲೆಯನ್ನು ಬೋರಲು ಹಾಕಿ, ಮಾದಪ್ಪನಿಗೆ ಹಾಲು ಹಣ್ಣು ಇಟ್ಟು, "ಅದು ಅವ್ಳ ಬಾಣ್ಲಿ" ಅಂದರಂತೆ.

ಮರುವರ್ಷದ ಹಬ್ಬಕ್ಕೆ ನನಗೆ ಹೇಳಿಕಳಿಸಿದ್ದರು. ಚೆನ್ನಾಜಮ್ಮ ಒಲೆಯ ಮುಂದೆ ಮಣೆ ಹಾಕಿ ಕೂತಿದ್ದಳು. ಕೂದಲು ತೆಳ್ಳಗಾಗಿತ್ತು, ಕೈ ಮಾತ್ರ ಹಳೆಯ ಕೈ. ನನ್ನನ್ನು ನೋಡಿ, "ಬಾ ನರ್ಸಮ್ಮ. ಈಗ ಮಕ್ಳು ಕೂತಿದ್ದ ಮನೆನೇ ಇಲ್ಲ, ಹೊರಗ ಕೂತ್ಕ ಅಂತ ನಂಗ ಯಾರ್ ಏಳ್ತಾರು?" ಎಂದು ಹೊಟ್ಟೆ ತಟ್ಟಿಕೊಂಡಳು. ಒಳಗಿದ್ದವರೆಲ್ಲ ನಕ್ಕರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ಬಾಗಿಲಾಚೆ ನಿಂತಿದ್ದ ಸೊಸೆಯನ್ನು ಕೂಗಿದಳು. "ರೂಪಾ, ಬಾರಮ್ಮಿ, ಎಲೆ ಮ್ಯಾಲ ತಟ್ಕೊಡು. ನಂಗ ಒಬ್ಳಿಗೆ ಆಗಾಕಿಲ್ಲ."

ರೂಪಾ ದೊಡ್ಡವ್ವನ ಕಡೆ ನೋಡಿದಳು. ಎಲ್ಲರೂ ನೋಡಿದೆವು. ದೊಡ್ಡವ್ವ ಗೋಡೆಯ ಕ್ಯಾಲೆಂಡರನ್ನು ನೋಡಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹುಡುಗಿ ಒಳಗೆ ಬಂದು ಕೂತಳು.

ಆ ವರ್ಷದಿಂದ ನಾನು ಒಂದು ನೂರು ಪುಟದ ನೋಟು ಪುಸ್ತಕ ಇಟ್ಟೆ. ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದ ಪ್ರತಿ ಹೆಸರನ್ನೂ ಅದರಲ್ಲಿ ಮತ್ತೆ ಬರೆದುಕೊಂಡೆ. ವರ್ಷಕ್ಕೊಂದು ಸಲ ಹೋಗಿ ಅವಳನ್ನೇ ಕೇಳುತ್ತಿದ್ದೆ, ಅತ್ತೆಯನ್ನಲ್ಲ: ನಿಂತ ಮೇಲೆ ಮತ್ತೆ ಕಂಡಿತೇ? ಮೈ ಹೇಗಿದೆ? ಕೇಳುವಾಗ ಕಿವಿ ಬಿಸಿಯಾಗುತ್ತಿತ್ತು. ಆದರೂ ಕೇಳಿದೆ. ಹಿರಿಯ ಮೇಡಂ ಅದನ್ನು ಕಂಡು, "ಇದನ್ನ ಮೇಲಿಂದ ಯಾರಮ್ಮ ಕೇಳಿದ್ದಾರೆ?" ಅಂದರು. ಯಾರೂ ಕೇಳಿಲ್ಲ ಅಂದೆ. ಎರಡು ತಿಂಗಳ ಮೇಲೆ ಅವರೇ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ನನ್ನ ಹೆಸರೂ ಒಂದು ಬರ್ಕೊಳಮ್ಮ" ಎಂದರು. ನಾನು ನಿವೃತ್ತಿಯಾಗುವ ಹೊತ್ತಿಗೆ ರಿಜಿಸ್ಟರು ಹೋಗಿ ಟ್ಯಾಬು ಬಂದಿತ್ತು. ಅದರಲ್ಲಿ ಕೆಂಪು ಗೆರೆಯೂ ಇಲ್ಲ. ಬೆರಳಿನಿಂದ ಒತ್ತಿದರೆ ಹೆಸರೇ ಮಾಯ. ಸಿಂಚನಾ, ಮಾಯವಾದವಳ ಮನೆ ಅಲ್ಲೇ ಇರುತ್ತದೆ, ಹೋಗು.

ನೋಟು ಪುಸ್ತಕದ ಮೊದಲ ಸಾಲಿನಲ್ಲಿ ನನ್ನ ಹೆಸರಿದೆ. ಅದರ ಮುಂದೆ ಇಷ್ಟು ವರ್ಷ ಏನೂ ಬರೆದಿರಲಿಲ್ಲ. ಹಿರಿಯ ಮೇಡಂ ನೋಡಿದ್ದರೆ ಬೈಯುತ್ತಿದ್ದರು. ಈ ಹಾಳೆಗಳನ್ನು ಬರೆದು ಮುಗಿಸುವ ಮೊದಲು, ಇವತ್ತು ಬೆಳಿಗ್ಗೆ ಅದನ್ನು ತುಂಬಿಸಿದೆ.

ಪುಸ್ತಕವನ್ನು ಈ ಹಾಳೆಗಳ ಜೊತೆಗೇ ಕಳಿಸುತ್ತಿದ್ದೇನೆ; ಅದರ ಕೊನೆಯ ಪುಟದಲ್ಲಿ ನಿಮ್ಮಮ್ಮನ ಹೆಸರು ಬರೆದಿದ್ದೇನೆ. ಧನುರ್ಮಾಸದ ಚಳಿಯಲ್ಲೂ ಅಮ್ಮ ಫ್ಯಾನು ಹಾಕುತ್ತಾಳೆ, ಸುಮ್ಮಸುಮ್ಮನೆ ರೇಗುತ್ತಾಳೆ ಎಂದು, ಮನೋಜಾ, ನೀನೇ ನನಗೆ ದೂರು ಹೇಳಿದ್ದೆಯಲ್ಲ. ಅವಳು ಹೇಳುವುದಿಲ್ಲ, ನನ್ನ ಮಗಳಲ್ಲವೇ. ನನಗೂ ಅವಳನ್ನು ಕೇಳಲು ಇನ್ನೂ ಬಾಯಿ ಬಂದಿಲ್ಲ. ಫ್ಯಾನು ಆರಿಸಬೇಡಿ. ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಮಜ್ಜಿಗೆ ಕೊಟ್ಟರೆ ಕುಡಿಯಿರಿ, ಮಾರನೆಯ ದಿನವೂ ಹೋಗಿ ಕೂತುಕೊಳ್ಳಿ. ಅವಳು ಹೇಳಿದ್ದನ್ನು ಆ ಹೆಸರಿನ ಮುಂದೆ ಬರೆಯಿರಿ. ಊರಿಗೆ ಬಂದಾಗ ಆ ಪುಸ್ತಕವನ್ನೂ ಈ ಹಾಳೆಗಳನ್ನೂ ನನ್ನ ತಗಡಿನ ಪೆಟ್ಟಿಗೆಯಲ್ಲಿ, ನಿಮ್ಮ ತಾತನ ಶಲ್ಯದ ಕೆಳಗೆ, ನುಸಿಗುಳಿಗೆ ಹಾಕಿ ಇಡಿ. ಹೆಸರುಗಳನ್ನು ಯಾರಿಗೂ ತೋರಿಸಬೇಡಿ, ಆದರೆ ಹುಳ ತಿನ್ನಲೂ ಬಿಡಬೇಡಿ.